ಸ್ಟೋರ್ ಸಾಹೇಬರ ಜಿಗ್ಸಾ ದಾಸ್ತಾನು

"ಇವತ್ತು ಹೊತ್ತು ಮುಳುಗೋದರೊಳಗೆ ಈ ಮನೆಯಲ್ಲಿ ಒಂದೇ ಒಂದು ಚೂರು ಸಹ ತನ್ನ ಜಾಗ ಬಿಟ್ಟು ಆಚೀಚೆ ಇರಬಾರದು! ಇದು ನನ್ನ ಆಜ್ಞೆ!"

ಶನಿವಾರ ಬೆಳಗ್ಗೆ ಎಂಟೂವರೆಗೆ ಹಾಲಿನ ನಡುವೆ ನಿಂತು ಸ್ಟೋರ್ ಸಾಹೇಬರು ಹೀಗೆ ಘೋಷಿಸಿದಾಗ ಕೇಳಿಸಿಕೊಳ್ಳಲು ಮನೆಯಲ್ಲಿ ನರಪಿಳ್ಳೆಯೂ ಇರಲಿಲ್ಲ. ಅಡುಗೆಮನೆಯ ಫ್ರಿಜ್ ಮಾತ್ರ ಒಂದು ಸಲ ಗುರ್ ಅಂದು ಸುಮ್ಮನಾಯಿತು. ಸಾಹೇಬರು ಅದನ್ನೇ ಒಪ್ಪಿಗೆ ಅಂತ ತಿಳಿದುಕೊಂಡರು.

ಸಾಹೇಬ ಅನ್ನುವುದು ಸರ್ಕಾರ ಕೊಟ್ಟ ಪದವಿಯಲ್ಲ. ಬಸ್ ಡಿಪೋದ ಬಿಡಿಭಾಗಗಳ ಸ್ಟೋರಿನಲ್ಲಿ ಮೂವತ್ಮೂರು ವರ್ಷ ಕೀಪರ್ ಆಗಿದ್ದ ಅವರಿಗೆ ಡ್ರೈವರುಗಳು ಕೊಟ್ಟ ಬಿರುದು. ಅವರ ಕೈಯಿಂದ ಒಂದು ಬಲ್ಬು ಹೊರಬರಬೇಕಾದರೆ ಮೂರು ಸಹಿ, ಎರಡು ಸಲಾಮು ಬೇಕಾಗುತ್ತಿತ್ತು. ಕಣ್ಣು ಕಟ್ಟಿ ಕೂರಿಸಿದರೂ ಯಾವ ನಟ್ಟು ಯಾವ ಖಾನೆಯಲ್ಲಿದೆ ಅಂತ ಹೇಳುವ ಆಸಾಮಿ! ನಿವೃತ್ತಿಯಾಗಿ ವರ್ಷವಾಗಿತ್ತು. ಹೆಂಡತಿ ಇನ್ನೂ ಶಾಲೆಗೆ ಹೋಗುತ್ತಿದ್ದರು. ಬೀದಿಯವರಿಗೆಲ್ಲ ಅವರು ಟೀಚರಮ್ಮ.

ಆ ಮನೆಯಲ್ಲಿ ಮೂರು ತಿಂಗಳಿಂದ ಮಾತು ಸತ್ತುಹೋಗಿತ್ತು. ಟೀಚರಮ್ಮನ ಒಡಹುಟ್ಟಿದ ಅಕ್ಕ, ಆಸ್ಪತ್ರೆಗೆ ನಡೆದುಕೊಂಡೇ ಹೋದವರು, ಹನ್ನೊಂದನೆಯ ದಿನ ತೀರಿಕೊಂಡಿದ್ದರು. ಅಕ್ಕತಂಗಿಯರಿಗೆ ಒಂದೇ ಒಂದು ಹುಚ್ಚು. ಒಂದು ಚಿತ್ರವನ್ನು ಐನೂರು, ಸಾವಿರ ಚೂರು ಮಾಡಿ ಡಬ್ಬದಲ್ಲಿ ತುಂಬಿ ಮಾರುತ್ತಾರಲ್ಲ, ಜಿಗ್ಸಾ, ಅದನ್ನು ಮತ್ತೆ ಜೋಡಿಸಿ ಚಿತ್ರ ಮಾಡುವುದು. ಇಪ್ಪತ್ತೆರಡು ವರ್ಷ ಒಂದು ಭಾನುವಾರವನ್ನೂ ತಪ್ಪಿಸದೆ ಅಕ್ಕನ ಮನೆಯ ಮೇಜಿಗೆ ಇಬ್ಬರೂ ಅಂಟಿಕೊಂಡು ಕೂರುತ್ತಿದ್ದರು. ಕರ್ಮಾಂತರ ಮುಗಿದ ಮೇಲೆ ಅಕ್ಕನ ಗಂಡ, ಅಂದರೆ ಸಾಹೇಬರ ಷಡ್ಡಕರು, ಅಷ್ಟೂ ಡಬ್ಬಗಳನ್ನು ವ್ಯಾನಿಗೆ ಹೇರಿಸಿ ಇಲ್ಲಿಗೆ ತಂದಿಳಿಸಿದ್ದರು. "ಇವನ್ನ ನೋಡ್ಕೊಂಡು ಆ ಮನೇಲಿ ಇರೋಕಾಗಲ್ಲ ಕಣಯ್ಯಾ" ಅಂತ ಫೋನಿನಲ್ಲಿ ಅಂದಿದ್ದರು.

ಡಬ್ಬಗಳು ಹಾಲಿನ ಗೋಡೆಯುದ್ದಕ್ಕೂ, ಕಪಾಟಿನ ತಲೆಯ ಮೇಲೆ, ಟೀವಿಯ ಪಕ್ಕ ಹಾಗೆಯೇ ಕೂತವು. ಟೀಚರಮ್ಮ ಅವುಗಳನ್ನು ಸುತ್ತಿಕೊಂಡು ಓಡಾಡುತ್ತಿದ್ದರೇ ಹೊರತು ಒಂದರ ಮುಚ್ಚಳವನ್ನೂ ತೆಗೆಯಲಿಲ್ಲ. ಶಾಲೆಯಿಂದ ಬರುವುದು, ಮಂಚದ ಅಂಚಿಗೆ ಕೂರುವುದು, ಕತ್ತಲಾಯಿತು ಅಂತ ದೀಪ ಹಾಕುವುದು. ಜಗಳ ಕೂಡ ಇಲ್ಲ! ಸಾಹೇಬರು ಬೇಕೆಂದೇ ಒಂದು ದಿನ ಒದ್ದೆ ಟವಲನ್ನು ಹಾಸಿಗೆಯ ಮೇಲೆ ಎಸೆದು ಕಾದರು. ಮದುವೆಯಾದಾಗಿನಿಂದ ಆ ಒಂದು ತಪ್ಪಿಗೆ ಅವರಿಗೆ ಕ್ಷಮೆ ಅಂತ ಸಿಕ್ಕಿದ್ದಿಲ್ಲ. ಟೀಚರಮ್ಮ ಟವಲನ್ನು ಎತ್ತಿ, ಹಿಂಡಿ, ಹಗ್ಗದ ಮೇಲೆ ಹರವಿ ಬಂದರು. ಅಷ್ಟೆ. ಅವತ್ತು ಸಾಹೇಬರಿಗೆ ನಿಜವಾಗಿ ಭಯವಾಯಿತು.

ಅವರಿಗೆ ಸಮಾಧಾನದ ಮಾತು ಬರುತ್ತಿರಲಿಲ್ಲ. ಎರಡು ಸಲ ಬಾಯಿ ತೆರೆದು "ಹೋದವರು ಹೋದರು" ಅನ್ನುವಷ್ಟರಲ್ಲಿ ನಾಲಿಗೆ ಒಣಗಿ ನೀರು ಕುಡಿಯಲು ಎದ್ದುಹೋಗಿದ್ದರು. ಬರುತ್ತಿದ್ದದ್ದು ಒಂದೇ ವಿದ್ಯೆ, ಚೆಲ್ಲಾಡಿದ ಸಾಮಾನನ್ನು ಜೋಡಿಸಿಡುವುದು. ಶುಕ್ರವಾರ ಕೇಳಿಯೂ ಕೇಳಿದ್ದರು.

"ಆ ಡಬ್ಬಗಳನ್ನ ಏನು ಮಾಡೋಣ?"

"ಇರಲಿ, ಬಿಡಿ."

ಬಿಡಿ! ಮೂವತ್ಮೂರು ವರ್ಷ ಬಿಡಿಭಾಗಗಳ ನಡುವೆಯೇ ಉಸಿರಾಡಿದ ಮನುಷ್ಯನಿಗೆ ಆ ಶಬ್ದ ಕಿವಿಗೆ ಬಿದ್ದ ಮೇಲೆ ಸುಮ್ಮನೆ ಕೂರಲು ಸಾಧ್ಯವೇ? ಮಾರನೆಯ ದಿನ ಟೀಚರಮ್ಮ ಪರೀಕ್ಷೆಯ ಉತ್ತರಪತ್ರಿಕೆ ತಿದ್ದಲು ಬೇರೆ ಊರಿಗೆ ಹೊರಟರು. ಭಾನುವಾರ ಮಧ್ಯಾಹ್ನ ವಾಪಸು. ಗೇಟಿನ ಚಿಲಕ ಬಿದ್ದ ಸದ್ದು ಕೇಳುತ್ತಲೇ ಸಾಹೇಬರು ತೋಳು ಮಡಚಿದರು.

ಮೊದಲು ಹಿತ್ತಲಿನಿಂದ ಬೀರು ಒಳಗೆ ಬಂತು. ಡಿಪೋದವರು ಬೀಳ್ಕೊಡುಗೆಗೆ ಕೊಟ್ಟ ಉಕ್ಕಿನ ಬೀರು ಅದು. ಎಂಟು ಸಾಲು, ಸಾಲಿಗೆ ನಾಲ್ಕು, ಒಟ್ಟು ಮೂವತ್ತೆರಡು ಡ್ರಾಯರು. ವರ್ಷದಿಂದ ಅದರಲ್ಲಿ ಒಂದು ಹಿಡಿ ಮೊಳೆ ಬಿಟ್ಟರೆ ಬೇರೇನೂ ಇರಲಿಲ್ಲ. ಆ ಖಾಲಿ ಡ್ರಾಯರುಗಳನ್ನು ಕಂಡಾಗೆಲ್ಲ ಸಾಹೇಬರ ಕರುಳು ಚುರುಕ್ ಅನ್ನುತ್ತಿತ್ತು. ಈಗ ಅವಕ್ಕೆಲ್ಲ ಒಂದು ಗತಿ ಕಾಣಿಸುವ ಯೋಗ ಒದಗಿತ್ತು!

ಡಬ್ಬಗಳ ಸ್ಥಿತಿ ಕಂಡು ಅವರು ಮರುಗಿದರು. ಮೂಲೆ ಹರಿದದ್ದು, ಟೇಪು ಸುತ್ತಿದ್ದು, ರಬ್ಬರ್ ಬ್ಯಾಂಡ್ ಹಾಕಿದ್ದು, ಒಂದರೊಳಗೆ ಇನ್ನೊಂದು ತುರುಕಿದ್ದು. "ಇದೇನು ದಾಸ್ತಾನೋ, ತಿಪ್ಪೆಯೋ!" ಅಂತ ಗೊಣಗುತ್ತಾ ಒಂದೊಂದು ಡಬ್ಬದ ಚೂರುಗಳನ್ನು ಒಂದೊಂದು ಡ್ರಾಯರಿಗೆ ಸುರಿದರು. ಡ್ರಾಯರಿನ ಮುಖಕ್ಕೆ ಚೀಟಿ ಅಂಟಿಸಿದರು. "ಕು-2/ಸಾ" ಅಂದರೆ ಕುದುರೆಯ ಚಿತ್ರ ಎರಡನೆಯದು, ಸಾವಿರ ಚೂರು. "ಹೂ-4/ಐ" ಅಂದರೆ ಹೂದೋಟ ನಾಲ್ಕನೆಯದು, ಐನೂರು ಚೂರು. ಇನ್ನೂರು ಪುಟದ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ದಾಸ್ತಾನು ಪುಸ್ತಕವನ್ನೂ ಬರೆದರು. ತಪಾಸಣಾಧಿಕಾರಿ ಬಂದರೂ ತಲೆದೂಗಬೇಕು, ಹಾಗೆ!

ಉಳಿದದ್ದು ಖಾಲಿ ಡಬ್ಬಗಳು, ಚಿತ್ರ ಇರುವ ಮುಚ್ಚಳಗಳು. ಆ ಹೊತ್ತಿಗೆ ಸರಿಯಾಗಿ ಬೀದಿಯಲ್ಲಿ ರದ್ದಿ ಗಾಡಿಯ ಹೆಂಗಸಿನ ಕೂಗು ಕೇಳಿಸಿತು. ಸಾಹೇಬರು ಒಂದೇ ಒಂದು ಕ್ಷಣ ಯೋಚಿಸಿದರು. ಚಿತ್ರ ನೋಡಿಕೊಂಡು ಜೋಡಿಸುವುದೆಂದರೆ ಪುಸ್ತಕ ನೋಡಿ ಪರೀಕ್ಷೆ ಬರೆದ ಹಾಗೆ. ಟೀಚರಾದವಳು ಅದನ್ನು ಒಪ್ಪುವಳೇ? ಮೂವತ್ತೊಂದು ಡಬ್ಬಗಳೂ ಚಪ್ಪಟೆಯಾಗಿ ಗಾಡಿ ಏರಿದವು.

ಮೂವತ್ತೊಂದು! ಡ್ರಾಯರು ಮೂವತ್ತೆರಡು! ಕೊನೆಯ ಸಾಲಿನ ಬಲತುದಿಯ ಡ್ರಾಯರು ಖಾಲಿ ಉಳಿದು, ಬಿದ್ದ ಹಲ್ಲಿನ ಜಾಗದಂತೆ ಸಾಹೇಬರನ್ನು ಅಣಕಿಸಿತು. ಇನ್ನೊಂದು ಇರಲೇಬೇಕು ಅಂತ ಹುಡುಕಲು ಹೊರಟರು. ಕಪಾಟಿನ ಹಿಂದೆ ಇಲ್ಲ. ಅಟ್ಟದ ಮೇಲೆ ಇಲ್ಲ. ಕೊನೆಗೆ ಮಲಗುವ ಕೋಣೆಯ ಮಂಚದ ಕೆಳಗೆ, ಸೂಟ್‌ಕೇಸುಗಳ ಹಿಂದೆ, ಒಂದು ಪ್ಲೈವುಡ್ ಹಲಗೆ ಸಿಕ್ಕಿತು. ಮೇಲೆ ಹಳೆಯ ಹತ್ತಿಯ ದುಪ್ಪಟಿ. ನಾಲ್ಕೂ ಮೂಲೆಗಳನ್ನು ಹಲಗೆಯ ಅಡಿಗೆ ನೀಟಾಗಿ ಮಡಚಿ ಸಿಕ್ಕಿಸಿತ್ತು.

ದುಪ್ಪಟಿ ಸರಿಸಿದರೆ ಕೆಳಗೆ ಅರ್ಧ ಜೋಡಿಸಿದ ಒಂದು ಬಂದರಿನ ಚಿತ್ರ. ಎಡಗಡೆ ದೋಣಿಗಳು, ತಲೆಯಿಲ್ಲದ ಒಂದು ದೀಪಸ್ತಂಭ, ನಡುವೆ ಬರಿ ಹಲಗೆ. ಪಕ್ಕದಲ್ಲಿ ಒಂದು ತಟ್ಟೆಯಲ್ಲಿ ಜೋಡಿಸದೆ ಉಳಿದ ಚೂರುಗಳು.

ಯಾರು ಇಷ್ಟು ಜೋಪಾನವಾಗಿ ಹೊದಿಸಿಟ್ಟದ್ದು, ಯಾಕೆ ಇಟ್ಟದ್ದು ಅಂತ ಸಾಹೇಬರು ಅರೆಗಳಿಗೆ ಯೋಚಿಸಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಅವರ ಕಣ್ಣಿಗೆ ಕಂಡದ್ದು ಒಂದೇ. "ಅರ್ಧಂಬರ್ಧ ಮಾಲು!" ಎರಡೂ ಅಂಗೈಯಿಂದ ಒಮ್ಮೆ ಸವರಿದರು. ದೋಣಿಗಳು ಕಟಕಟ ಅಂತ ಬಿಟ್ಟುಕೊಂಡವು. ಮೂವತ್ತೆರಡನೆಯ ಡ್ರಾಯರು ತುಂಬಿತು. "ದೋ-1/ಐ."

ಇನ್ನು ತಪಾಸಣೆ. ಡಿಪೋದಲ್ಲಿ ದೊಡ್ಡ ಸಾಹೇಬರು ಬಂದಾಗ ಡ್ರಾಯರುಗಳನ್ನೆಲ್ಲ ಎಳೆದು ತೋರಿಸುವ ಕ್ರಮವಿತ್ತು. ಅಲ್ಲಿ ಬೀರುಗಳನ್ನು ಗೋಡೆಗೆ ಬೋಲ್ಟು ಹಾಕಿ ಬಿಗಿದಿರುತ್ತಿದ್ದರು, ಅದು ಬೇರೆ ಮಾತು. ಇಲ್ಲಿ ಸಾಹೇಬರು ಮೇಲಿನ ಸಾಲು ಎಳೆದರು. ಎರಡನೆಯ ಸಾಲು ಎಳೆದರು. ಆಹಾ, ಏನು ಶಿಸ್ತು! ಐದನೆಯ ಸಾಲು ಎಳೆಯುವಷ್ಟರಲ್ಲಿ ಬೀರು ಒಂದು ಸಲ ಕಿರ್ರೆಂದಿತು. ಆಮೇಲೆ ನಿಧಾನವಾಗಿ, ಬಹಳ ಗೌರವದಿಂದ, ಸಾಹೇಬರಿಗೆ ತಲೆಬಾಗಿ ನಮಸ್ಕರಿಸಿತು!

ಸಾಹೇಬರು ಅದನ್ನು ತಬ್ಬಿ ಹಿಡಿದರು. ಬೀರು ನಿಂತಿತು, ಡ್ರಾಯರುಗಳು ನಿಲ್ಲಲಿಲ್ಲ. ಒಂದೊಂದಾಗಿ ಜಾರಿ ಎದೆಗೆ, ಹೊಟ್ಟೆಗೆ, ಕಾಲ ಹೆಬ್ಬೆರಳಿಗೆ ಬಿದ್ದವು. ಕೊನೆಗೆ ಕೈ ಸೋತು ಬೀರನ್ನೂ ಬಿಟ್ಟು ಪಕ್ಕಕ್ಕೆ ಹಾರಿದರು. ಆ ಸದ್ದಿಗೆ ಎದುರು ಮನೆಯ ನಾಯಿ ಅರ್ಧ ಗಂಟೆ ಬೊಗಳಿತು. ಸಾವಿರದ್ದು ಆರು, ಐನೂರರದ್ದು ಇಪ್ಪತ್ತಾರು. ಹಾಲಿನ ನೆಲದ ಮೇಲೆ ಹತ್ತೊಂಬತ್ತು ಸಾವಿರ ಚೂರು ಮೊಣಕಾಲೆತ್ತರ ಗುಡ್ಡೆಯಾಗಿ ಬಿದ್ದಿದ್ದವು. ಕುದುರೆಯ ಕಣ್ಣು ಹೂವಿನ ಮೇಲೆ, ಹೂವು ದೋಣಿಯ ಮೇಲೆ. ದಾಸ್ತಾನು ಪುಸ್ತಕ ಒಂದು ಮಾತ್ರ ಅಚ್ಚುಕಟ್ಟಾಗಿ ಮೇಜಿನ ಮೇಲಿತ್ತು.

ಮುಚ್ಚಳಗಳು! ಸಾಹೇಬರು ಒಂದು ಕಾಲಿಗೆ ಮಾತ್ರ ಚಪ್ಪಲಿ ಸಿಕ್ಕಿಸಿಕೊಂಡು ಪಕ್ಕದ ಬೀದಿಯ ರದ್ದಿ ಅಂಗಡಿಗೆ ಓಡಿದರು.

"ಅಮ್ಮಾ, ಬೆಳಗ್ಗೆ ಕೊಟ್ಟ ರಟ್ಟು ವಾಪಸು ಬೇಕು!"

"ಅಯ್ಯೋ ಯಜಮಾನರೇ, ಆಗಲೇ ಮಿಷಿನ್ನಿಗೆ ಹಾಕಿ ಒತ್ತಿ ಕಟ್ಟಿಬಿಟ್ವಲ್ಲ."

ಹೆಂಗಸು ತೋರಿಸಿದ ಕಡೆ ಆಳೆತ್ತರದ ಒಂದು ಚೌಕ ಕಟ್ಟು ನಿಂತಿತ್ತು. ಅದರ ಒಂದು ಮಗ್ಗುಲಲ್ಲಿ ಕುದುರೆಯ ಅರ್ಧ ಮುಖ ಮಡಚಿಕೊಂಡು ಸಾಹೇಬರನ್ನೇ ನೋಡುತ್ತಿತ್ತು. ಉಗುರಿನಿಂದ ಕಿತ್ತರು. ಕುದುರೆಯ ಮೂಗು ಕೈಗೆ ಬಂತು, ಮುಖ ಬರಲಿಲ್ಲ.

"ಅಷ್ಟು ಬೇಕಾದದ್ದು ಅಂದ್ರೆ ಕೊಟ್ಟಿದ್ದು ಯಾಕೆ?" ಹೆಂಗಸು ಕೇಳಿದಳು. ಅವಳು ವ್ಯಂಗ್ಯವಾಗಿ ಕೇಳಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದಳು. ಸಾಹೇಬರು ಮೂಗನ್ನು ಜೇಬಿಗೆ ಹಾಕಿಕೊಂಡು ಮನೆಗೆ ಬಂದರು.

ಷಡ್ಡಕರನ್ನು ಕರೆಯದೆ ಬೇರೆ ದಾರಿ ಇರಲಿಲ್ಲ. ಅವರು ಕೈಗಡಿಯಾರ ರಿಪೇರಿಯವರು. ಕಣ್ಣಿಗೆ ಭೂತಗನ್ನಡಿ ಕಚ್ಚಿಸಿಕೊಂಡು ಸಾಸಿವೆ ಕಾಳಿನಷ್ಟು ಸ್ಕ್ರೂ ತಿರುಗಿಸುವ ಕೈ. ಹೆಂಡತಿ ಹೋದ ಮೇಲೆ ಅಂಗಡಿಯ ಶಟರು ಅರ್ಧಕ್ಕಿಂತ ಮೇಲೆ ಎದ್ದಿರಲಿಲ್ಲ.

"ಅಣ್ಣಾ, ಸಣ್ಣ ಸಣ್ಣ ಚೂರು. ಬಹಳ ಇದೆ. ಸ್ವಲ್ಪ ಬೇಗ ಬರ್ತೀರಾ?"

ಯಾವುದೋ ಗೋಡೆ ಗಡಿಯಾರ ಬಿದ್ದಿದೆ ಅಂತ ಷಡ್ಡಕರು ಉಪಕರಣದ ಚೀಲ ಹಿಡಿದು ಬಂದರು. ಬಾಗಿಲಲ್ಲಿ ನಿಂತು ಗುಡ್ಡೆಯನ್ನು ನೋಡಿದರು. ಬೀರನ್ನು ನೋಡಿದರು. ಒಂದು ಕಾಲಿನ ಚಪ್ಪಲಿಯನ್ನು ನೋಡಿದರು.

"ಏನಯ್ಯಾ ಇದು?"

"ಜೋಡಿಸಿಡೋಣ ಅಂತ…"

"ಇದು ಜೋಡಿಸಿದ್ದಾ?"

ಸಾಹೇಬರು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಕೊಂಡರು. ಷಡ್ಡಕರು ನೆಲಕ್ಕೆ ಕೂತು ಒಂದು ಚೂರು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದರು. "ಹಿಂಬದಿಯ ಬಣ್ಣ ಬೇರೆ ಬೇರೆ ಇರುತ್ತೆ. ಬೂದಿ, ನೀಲಿ, ಹಸಿರು. ದಪ್ಪವೂ ಒಂದೇ ಇರಲ್ಲ. ಅಳೆದು ಬೇರೆ ಮಾಡಬಹುದು. ಟೈಮ್ ಹಿಡಿಯುತ್ತೆ" ಅಂದರು. ಸಾಹೇಬರಿಗೆ ಹೋದ ಜೀವ ಬಂದ ಹಾಗಾಯಿತು. ಅಷ್ಟರಲ್ಲಿ ಷಡ್ಡಕರು ಕೇಳಿದರು.

"ಹಲಗೆ ಮೇಲಿದ್ದದ್ದು ಹುಷಾರಾಗಿದೆ ತಾನೆ?"

"ಯಾವ… ಹಲಗೆ?"

"ಮಂಚದ ಕೆಳಗೆ ಇಟ್ಟಿದ್ದೀವಲ್ಲ. ನಾನು ತಂದ ದಿನ ನೀನು ಹಲ್ಲು ಕೀಳಿಸೋಕೆ ಹೋಗಿದ್ದೆ. ಅವಳು ಆಸ್ಪತ್ರೆಗೆ ಹೋಗೋ ಹಿಂದಿನ ಭಾನುವಾರ ಅಕ್ಕತಂಗಿ ಕೂತು ಹಾಕಿದ್ದು. ದೋಣಿಗಳೆಲ್ಲ ಅವಳದ್ದೇ. ಉಳಿದಿದ್ದು ಬಂದು ಹಾಕ್ತೀನಿ, ಯಾರೂ ಮುಟ್ಟಬೇಡಿ ಅಂದಿದ್ದಳು." ಷಡ್ಡಕರು ಕೈಯಲ್ಲಿದ್ದ ಚೂರನ್ನು ನೋಡುತ್ತಲೇ ಮಾತಾಡುತ್ತಿದ್ದರು. "ವ್ಯಾನಿನಲ್ಲಿ ಅದನ್ನ ತೊಡೆ ಮೇಲೆ ಇಟ್ಕೊಂಡು ಬಂದೆ. ಹೊಂಡ ಬಂದ ಕಡೆ ಇಳಿದು, ಎತ್ಕೊಂಡು ನಡೆದು ದಾಟಿದೆ. ಒಂದು ಚೂರು ಅಲ್ಲಾಡಲಿಲ್ಲ."

ಸಾಹೇಬರು ಬಗ್ಗಿ ಗುಡ್ಡೆಯಿಂದ ದೋಣಿಯ ಒಂದು ಚೂರು ಎತ್ತಿಕೊಂಡರು. ಷಡ್ಡಕರು ತಲೆ ಎತ್ತಿ ಅವರ ಮುಖ ನೋಡಿದರು. ಆಮೇಲೆ ಗುಡ್ಡೆಯನ್ನು ನೋಡಿದರು. ಬೈಯಲಿಲ್ಲ. ಚೀಲದಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿಕೊಂಡು, ದಪ್ಪ ಅಳೆಯುವ ಸಲಕರಣೆ ಹಿಡಿದು, ಮೊದಲನೆಯ ಚೂರನ್ನು ಅಳೆದರು. ಸಾಹೇಬರಿಗೆ ಬೈಗುಳವೇ ವಾಸಿ ಅನ್ನಿಸಿತು.

ಭಾನುವಾರ ಮಧ್ಯಾಹ್ನ ಟೀಚರಮ್ಮ ಬಂದಾಗ ಹಾಲಿನಲ್ಲಿ ಕಾಲಿಡಲು ಒಂದಡಿ ಅಗಲದ ದಾರಿ ಮಾತ್ರ ಇತ್ತು. ಇಕ್ಕೆಲಗಳಲ್ಲಿ ಬೂದಿ ಗುಡ್ಡೆ, ನೀಲಿ ಗುಡ್ಡೆ, ಹಸಿರು ಗುಡ್ಡೆ. ಬೂದಿ ಗುಡ್ಡೆಯೇ ಎಲ್ಲಕ್ಕಿಂತ ದೊಡ್ಡದು! ಒಂದು ಮೂಲೆಯಲ್ಲಿ ಭಾವ, ಇನ್ನೊಂದು ಮೂಲೆಯಲ್ಲಿ ಗಂಡ. ಸಾಹೇಬರು ಎದ್ದು ಕೈಕಟ್ಟಿ ನಿಂತು, ಹೋಮ್‌ವರ್ಕ್ ಮಾಡದ ವಿದ್ಯಾರ್ಥಿಯ ಹಾಗೆ ಮೊದಲಿನಿಂದ ಕೊನೆಯವರೆಗೆ ಒಪ್ಪಿಸಿದರು. ಹಲಗೆಯ ವಿಷಯವನ್ನು ಕೊನೆಗೆ ಹೇಳಿದರು. ಹೇಳುವಾಗ ಸ್ವರ ಎಲ್ಲೋ ಬಾವಿಯಿಂದ ಬಂದ ಹಾಗಿತ್ತು.

ಟೀಚರಮ್ಮ ಒಂದು ಚೂರನ್ನೂ ತುಳಿಯದೆ ಆ ದಾರಿಯಲ್ಲಿ ನಡೆದು ಕೋಣೆಗೆ ಹೋದರು. ಮಂಚದ ಕೆಳಗಿನಿಂದ ಹಲಗೆ ಎಳೆದ ಸದ್ದು ಕೇಳಿಸಿತು. ಸಾಹೇಬರು ಖಾಲಿ ಹಲಗೆಯ ಮೇಲೆ ಮತ್ತೆ ದುಪ್ಪಟಿ ಹಾಸಿ, ನಾಲ್ಕೂ ಮೂಲೆ ಮಡಚಿ, ಇದ್ದ ಹಾಗೇ ಇಟ್ಟಿದ್ದರು. ಯಾಕೆ ಹಾಗೆ ಮಾಡಿದರೋ ಅವರಿಗೇ ತಿಳಿಯದು. ಬಹಳ ಹೊತ್ತಿನ ಮೇಲೆ ಟೀಚರಮ್ಮ ಹೊರಗೆ ಬಂದರು.

"ಅದರಲ್ಲಿ ಅವಳ ಕೈ ಇತ್ತು" ಅಂದರು.

ಅಷ್ಟೆ. ಮುಖ ತೊಳೆದುಕೊಂಡು ಮೂವರಿಗೂ ಅಡುಗೆ ಮಾಡಿದರು. ಸಾಹೇಬರು ಕ್ಷಮೆ ಕೇಳಲೆಂದು ಮನಸ್ಸಿನಲ್ಲೇ ಮೂರು ಪುಟದ ಅರ್ಜಿ ಬರೆದುಕೊಂಡಿದ್ದರು. ಅದನ್ನು ಸಲ್ಲಿಸುವ ಕಿಟಕಿಯೇ ಮುಚ್ಚಿತ್ತು.

ಮುಂದಿನ ಭಾನುವಾರ ಷಡ್ಡಕರು ಕರೆಯದೆಯೇ ಬಂದರು, ಅಂಗಡಿಯ ಟೇಬಲ್ ಲ್ಯಾಂಪನ್ನೂ ಹೊತ್ತುಕೊಂಡು. ಅದರ ಮುಂದಿನ ಭಾನುವಾರವೂ ಬಂದರು. "ಮನೇಲಿ ಕೂತು ಏನು ಮಾಡಲಿ?" ಅನ್ನುವರು. ಇಬ್ಬರೂ ಗಂಡಸರು ಬೆನ್ನು ಬಗ್ಗಿಸಿ ಅಳೆಯುವರು, ಆರಿಸುವರು. ಸಾಹೇಬರ ಕಣ್ಣು ಮುಚ್ಚಿದರೂ ಬೂದಿ ಬಣ್ಣ, ತೆರೆದರೂ ಬೂದಿ ಬಣ್ಣ. ಹದಿನೈದು ಚಿತ್ರಗಳು ಒಂದೇ ಕಂಪನಿಯವು. ಹಿಂಬದಿ ಒಂದೇ, ದಪ್ಪ ಒಂದೇ, ಮುಚ್ಚಳ ಇಲ್ಲ. ಟೀಚರಮ್ಮ ಒಂದಡಿಯ ದಾರಿಯಲ್ಲಿ ಶಾಲೆಗೆ ಹೋಗುವರು, ಬರುವರು. ಗುಡ್ಡೆಗಳ ಕಡೆ ನೋಡರು. ಗಂಡನ ಜೊತೆ "ಊಟಕ್ಕೆ ಬನ್ನಿ", "ಗ್ಯಾಸ್ ಮುಗಿದಿದೆ", ಇಷ್ಟೇ ಮಾತು.

ಐದನೆಯ ಭಾನುವಾರ ಷಡ್ಡಕರು ಒಂದು ಚೂರನ್ನು ದೀಪಕ್ಕೆ ಹಿಡಿದು ಬಹಳ ಹೊತ್ತು ನೋಡಿದರು.

"ಏನಯ್ಯಾ, ಪಕ್ಕದ ಚೂರಿಗೆ ಸಿಕ್ಕಿಕೊಳ್ಳೋ ಇದರ ಕಿವೀನ ಯಾರೋ ಕತ್ತರಿಸಿದ್ದಾರೆ."

"ಇಲಿ ಇರಬೇಕು ಅಣ್ಣಾ."

"ಇಲಿ ಇಷ್ಟು ದುಂಡಗೆ ಕಡಿಯುತ್ತಾ? ಕೂದಲೆಳೆಯಷ್ಟು ಸವರಿದ್ದಾರೆ. ಬರಿಗಣ್ಣಿಗೆ ಕಾಣಲ್ಲ. ಕತ್ತರಿ ಕೆಲಸ ಇದು."

ಹುಡುಕಿದರೆ ಇನ್ನೊಂದು ಸಿಕ್ಕಿತು. ಆಮೇಲೆ ಮತ್ತೆರಡು. ಸಂಜೆಯ ಹೊತ್ತಿಗೆ ಒಂದು ಹಿಡಿಯಷ್ಟು ಕಿವಿ ಸವರಿದ ಚೂರುಗಳು ತಟ್ಟೆಯಲ್ಲಿ ಬಿದ್ದಿದ್ದವು. ಅವುಗಳಲ್ಲಿ ಆರು ದೋಣಿಯವು. ಟೀಚರಮ್ಮ ಅಡುಗೆಮನೆಯ ಬಾಗಿಲಲ್ಲಿ ಒದ್ದೆ ಕೈಯಲ್ಲೇ ನಿಂತಿದ್ದರು. ಯಾವಾಗ ಬಂದು ನಿಂತರೋ ಇಬ್ಬರೂ ಗಮನಿಸಿರಲಿಲ್ಲ.

"ಕೊಡಿ ಭಾವ ಇಲ್ಲಿ."

ಷಡ್ಡಕರು ಭೂತಗನ್ನಡಿಯನ್ನೂ ಕೊಟ್ಟರು. ಟೀಚರಮ್ಮ ಒಂದೊಂದನ್ನೇ ಕಣ್ಣ ಹತ್ತಿರ ಹಿಡಿದು ನೋಡಿದರು. ಉತ್ತರಪತ್ರಿಕೆಯಲ್ಲಿ ನಕಲು ಹಿಡಿದಾಗ ಆಗುವಂತೆ ಅವರ ಹುಬ್ಬು ಮೇಲೇರಿತು.

"ಕಳ್ಳಿ!"

ಇಬ್ಬರೂ ಬೆಚ್ಚಿಬಿದ್ದರು.

"ನೋಡೇ ಕೂತ್ಕೊಂಡ್ತು, ನೋಡೇ ಕೂತ್ಕೊಂಡ್ತು ಅಂತ ಕುಣೀತಿದ್ದಳು! ನಾನು ಒಂದು ಹಾಕೋದರೊಳಗೆ ಅವಳದ್ದು ಮೂರು ಆಗಿರೋದು! ಡಬ್ಬಕ್ಕೆ ತುಂಬೋವಾಗ ನನ್ನ ಕೈಗೆ ಒಂದು ಚೂರು ಕೊಡ್ತಿರಲಿಲ್ಲ. ಇಪ್ಪತ್ತೆರಡು ವರ್ಷ! ಇಪ್ಪತ್ತೆರಡು ವರ್ಷ ನಾನೇ ದಡ್ಡಿ ಅಂದ್ಕೊಂಡಿದ್ದೆನಲ್ಲ ಭಾವ! ಸೆರಗಿನಲ್ಲಿ ಕತ್ತರಿ ಇಟ್ಕೊಂಡು, ಕೂರದ ಚೂರನ್ನ ಸವರಿ ಕೂರಿಸ್ತಿದ್ದಳಾ ಇವಳು?"

ಷಡ್ಡಕರ ಮುಖ ಬಿಳಿಚಿಕೊಂಡಿತು. "ನನ್ನ ಅಂಗಡಿಯ ಸಣ್ಣ ಕತ್ತರಿ ಕಾಣೆಯಾಗಿತ್ತು ಕಣಮ್ಮಾ. ಪಕ್ಕದ ಬೀಗದ ಅಂಗಡಿಯವನೇ ತೆಗೆದದ್ದು ಅಂತ ಇಪ್ಪತ್ತು ವರ್ಷದಿಂದ ಅವನ ಜೊತೆ ಮಾತು ಬಿಟ್ಟಿದ್ದೀನಿ!"

ಟೀಚರಮ್ಮ ನಕ್ಕರು. ಮೊದಲು ಮೂಗಿನಲ್ಲಿ ನಕ್ಕರು, ಆಮೇಲೆ ತಡೆಯಲಾರದೆ ಗೋಡೆಗೆ ಒರಗಿಕೊಂಡು ನಕ್ಕರು. ನಗುತ್ತಾ ನಗುತ್ತಾ ಕೆಳಗೆ ಕುಸಿದು ಕೂತರು. ಅದು ಯಾವಾಗ ಅಳುವಾಯಿತೋ ಹೇಳಲಾಗದು. ಮುಷ್ಟಿಯಲ್ಲಿ ಆ ಚೂರುಗಳನ್ನು ಬಿಗಿಹಿಡಿದು, "ಕಳ್ಳಿ, ಹೇಳಿದ್ರೆ ನಾನೇನು ಬೈತಿದ್ನಾ" ಅಂತ ಬಿಕ್ಕಿದರು. ಅಕ್ಕನ ಶವ ಎತ್ತುವಾಗಲೂ ಅವರು ಹೀಗೆ ಅತ್ತಿರಲಿಲ್ಲ. ಷಡ್ಡಕರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸುತ್ತಲೇ ಇದ್ದರು. ಸಾಹೇಬರು ಹತ್ತಿರ ಹೋಗಿ ಹೆಂಡತಿಯ ಪಕ್ಕ ಕೂತರು. ಏನೂ ಹೇಳಲಿಲ್ಲ. ಅಷ್ಟು ಹೊತ್ತು ಅವರು ನಿಜಕ್ಕೂ ಬುದ್ಧಿವಂತರಾಗಿಯೇ ಇದ್ದರು.

ಆಮೇಲೆ ಟೀಚರಮ್ಮ ಮೂಗು ಒರೆಸಿಕೊಂಡು, ದೋಣಿಯ ಒಂದು ಚೂರನ್ನು ಇನ್ನೊಂದರ ಪಕ್ಕ ಇಟ್ಟು ನೋಡಿದರು. ಕೂರಲಿಲ್ಲ. ಬೇರೊಂದು ಇಟ್ಟು ನೋಡಿದರು. ಅಲ್ಲಿಗೆ ಸಾಹೇಬರ ಬುದ್ಧಿವಂತಿಕೆ ಮುಗಿಯಿತು. ತಲೆಯಲ್ಲಿ ಒಂದು ಲೆಕ್ಕಾಚಾರ ಹೊಳೆದು ಮುಖ ಅರಳಿತು.

"ಅಂದ್ರೆ ನೋಡು, ಆ ದೋಣಿಗಳು ಮೊದಲಿಂದಲೂ ಸರಿಯಾದ ಜಾಗದಲ್ಲಿ ಇರಲೇ ಇಲ್ಲ ಅಂತಾಯ್ತು. ಅತ್ತಿಗೆಯೇ ಕೆಡಿಸಿಟ್ಟಿದ್ರು. ಹಾಗೆ ನೋಡಿದ್ರೆ ನಾನು ಹಾಳುಮಾಡಿದ್ದು ಅಂಥದ್ದೇನೂ…"

"ರೀ."

ಸಾಹೇಬರ ಬಾಯಿ ತಾನಾಗಿ ಮುಚ್ಚಿತು. ಷಡ್ಡಕರು ಅವಸರವಸರವಾಗಿ ಕೆಳಗಿದ್ದ ಭೂತಗನ್ನಡಿಯನ್ನು ಎತ್ತಿ ಕಣ್ಣಿಗೆ ಸಿಕ್ಕಿಸಿಕೊಂಡು, ಏನೂ ಇಲ್ಲದ ನೆಲವನ್ನು ಪರೀಕ್ಷಿಸತೊಡಗಿದರು.

"ಅವಳು ಇಪ್ಪತ್ತೆರಡು ವರ್ಷ ಕೂತು ಕೆಡಿಸಿದ್ದು ಒಂದು ಹಿಡಿ. ನೀವು ಒಂದು ಮಧ್ಯಾಹ್ನದಲ್ಲಿ ಕೆಡಿಸಿದ್ದು ಹತ್ತೊಂಬತ್ತು ಸಾವಿರ. ಬಾಯಿ ಮುಚ್ಚಿಕೊಂಡು ಆಕಾಶದ ಚೂರು ಆರಿಸಿ."

ಸಾಹೇಬರು ಗುಡ್ಡೆಯ ಕಡೆ ನೋಡಿದರು. ಎತ್ತ ನೋಡಿದರೂ ನೀಲಿ. ತಿಳಿ ನೀಲಿ, ಕಡು ನೀಲಿ, ಮೋಡ ಕವಿದ ನೀಲಿ.

"ಇದರಲ್ಲಿ ಇಪ್ಪತ್ತಾರು ಆಕಾಶ ಇದೆಯಲ್ಲೇ! ಯಾವುದನ್ನ ಆರಿಸಲಿ?"

ಟೀಚರಮ್ಮ ತಲೆ ಎತ್ತಲೇ ಇಲ್ಲ.

"ಎಲ್ಲಾ."